ಹನ್ನೊಂದನೇ ನಿಮಿಷದ ಮೂರು ಪೆಟ್ಟು

ಎಡ ಮೊಣಕಾಲಿನ ಮೇಲಿನ ಮೂಳೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾದಾಗ ನನಗೆ ಇಪ್ಪತ್ತೆಂಟು ವರ್ಷ. ಅದಕ್ಕೂ ಮೊದಲು ಎರಡು ತಿಂಗಳು ಅವ್ವ ದಿನಾ ಆ ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ದಳು. ಆಫೀಸಿನ ಮೆಟ್ಟಿಲು ಹತ್ತಿ ಇಳಿದು ನೋವು ಬಂದಿರಬೇಕು ಎಂದೇ ಎಲ್ಲರೂ ತಿಳಿದಿದ್ದೆವು. ಬಯಾಪ್ಸಿ ವರದಿ ಬಂದ ದಿನ ಡಾಕ್ಟರ್ ಬಾಯಿಯವರು ಮರಾಠಿಯಲ್ಲಿ ನಿಧಾನವಾಗಿ ಎಲ್ಲ ಹೇಳಿದರು. ಮೂರು ಸುತ್ತು ಔಷಧಿ, ಆಮೇಲೆ ಆಪರೇಶನ್, ಆಮೇಲೆ ಮತ್ತೆ ಮೂರು ಸುತ್ತು. ಕಾಲು ಉಳಿಸಲು ನೋಡುತ್ತೇವೆ ಎಂದರು. ಉಳಿಸುತ್ತೇವೆ ಎನ್ನಲಿಲ್ಲ. ಏನಾದರೂ ಕೇಳುವುದಿದೆಯೇ ಎಂದಾಗ ಅವ್ವ ಒಂದೇ ಪ್ರಶ್ನೆ ಕೇಳಿದಳು. ನಾನು ತಿಕ್ಕಿ ತಿಕ್ಕಿ ಹೆಚ್ಚು ಮಾಡಿದೆನೇ ಎಂದು. ಡಾಕ್ಟರ್ ಇಲ್ಲ ಎಂದರು. ಅವ್ವ ಅದನ್ನು ನಂಬಲಿಲ್ಲ. ಇವತ್ತಿಗೂ ನಂಬಿಲ್ಲ.

ನಾವು ಇರುವುದು ಮರಾಠಿ ನಾಡಿನ ಖಡಕಿಯಲ್ಲಿ, ಎರಡು ಕೋಣೆಯ ಮನೆ. ಅಪ್ಪ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವನು ಒಂದು ಪ್ರೆಸ್ ಶಾಪಿನಲ್ಲಿ ಸೇರಿಕೊಂಡು, ಮೂವತ್ತು ವರ್ಷ ತಗಡು ಒತ್ತುವ ಮಶೀನಿನ ಪಕ್ಕ ನಿಂತ. ಆ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು. ಅವ್ವ ಮನೆಯಲ್ಲೇ ರೊಟ್ಟಿ ಬಡಿದು ಸುತ್ತಲಿನ ಮೆಸ್ಸುಗಳಿಗೆ ಕೊಡುತ್ತಾಳೆ. ನಾನು ಒಬ್ಬಳೇ ಮಗಳು. ಹಿಂಜವಡಿಯ ಒಂದು ಕಾಲ್ ಸೆಂಟರಿನಲ್ಲಿ ನನಗೆ ಕೆಲಸ. ಫೋನಿನಲ್ಲಿ ಮಾತಾಡುವ ಕೆಲಸವಲ್ಲ. ಬೇರೆಯವರು ಮಾತಾಡಿ ಮುಗಿಸಿದ ಕರೆಗಳ ರೆಕಾರ್ಡಿಂಗ್ ಕೇಳುವ ಕೆಲಸ. ಎಷ್ಟನೇ ಸೆಕೆಂಡಿಗೆ ನಮ್ಮ ಹುಡುಗಿ ನಿಟ್ಟುಸಿರು ಬಿಟ್ಟಳು, ಯಾವ ಶಬ್ದದಲ್ಲಿ ಗ್ರಾಹಕನ ದನಿ ಬದಲಾಯಿತು ಎಂದು ಬರೆದಿಡಬೇಕು. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಕೇಳುತ್ತಿದ್ದೆ. ನನ್ನ ಕಿವಿಯ ಬಗ್ಗೆ ನನಗೆ ಸ್ವಲ್ಪ ಅಹಂಕಾರವೇ ಇತ್ತು.

ದಿನಕ್ಕೆ ಎಂಟು ಗಂಟೆ ಸಿಟ್ಟಿನ ದನಿಗಳನ್ನು ಕೇಳಿದ ಮೇಲೆ ಹಾಡು ಕೂಡ ಬೇಡವಾಗುತ್ತದೆ. ಆಫೀಸಿಗೆ ಹೋಗುವ ಕ್ಯಾಬ್‌ನಲ್ಲಿ ವಾಕಡದಿಂದ ಹತ್ತುತ್ತಿದ್ದ ಒಬ್ಬ ಸಹೋದ್ಯೋಗಿ ಒಂದು ದಿನ ತನ್ನ ಇಯರ್‌ಫೋನ್ ಕೊಟ್ಟು, ಇದನ್ನು ಕೇಳು ಎಂದ. ಡೂಮ್ ಮೆಟಲ್ ಎಂಬ ಬಗೆಯ ಸಂಗೀತ ಎಂದು ಹೇಳಿದ. ಮೊದಲು ನನಗೆ ಫೋನ್ ಕೆಟ್ಟು ಹಾಡು ಎಳೆಯುತ್ತಿದೆ ಅನ್ನಿಸಿತು. ಒಂದು ಸಲ ಡ್ರಮ್ ಬಿದ್ದರೆ ಇನ್ನೊಂದು ಸಲ ಬೀಳುವಷ್ಟರಲ್ಲಿ ಉಸಿರು ಎಳೆದು ಬಿಡಬಹುದಿತ್ತು. ಗಿಟಾರುಗಳು ಭಾರವಾದ ಬಾಗಿಲನ್ನು ನೆಲದ ಮೇಲೆ ಎಳೆದ ಹಾಗೆ. ಹಾಡುವವನು ಹಾಡುತ್ತಿರಲಿಲ್ಲ, ಹೊಟ್ಟೆಯ ತಳದಿಂದ ಗುಡುಗುತ್ತಿದ್ದ. ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಅಲ್ಲಿ ಯಾರೂ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ, ಯಾರನ್ನೂ ಸಮಾಧಾನ ಮಾಡಬೇಕಿರಲಿಲ್ಲ. ವಾರದೊಳಗೆ ನಾನು ಆ ಒಂದೇ ಆಲ್ಬಮಿಗೆ ಅಂಟಿಕೊಂಡೆ.

ನಾಲ್ಕೇ ಹಾಡು, ಒಂದು ಗಂಟೆಗೂ ಹೆಚ್ಚು. ನಾನು ಅದನ್ನು ಕೇಳಿದ್ದು ಆಫೀಸಿನ ರೀತಿಯಲ್ಲೇ, ಒಂದು ನೋಟ್‌ಬುಕ್ಕಿನಲ್ಲಿ ನಿಮಿಷ ಸೆಕೆಂಡು ಬರೆದುಕೊಂಡು. ಎಲ್ಲಿ ಎರಡನೇ ಗಿಟಾರು ಸೇರುತ್ತದೆ, ಎಲ್ಲಿ ಹಾಡುವವನು ಉಸಿರು ತೆಗೆದುಕೊಳ್ಳುತ್ತಾನೆ. ಮೂರನೇ ಹಾಡಿನಲ್ಲಿ ಹನ್ನೊಂದು ನಿಮಿಷ ಹತ್ತು ಸೆಕೆಂಡಿಗೆ ಎಲ್ಲ ನಿಂತು ಒಂದು ತಂತಿಯ ಗುಂಗು ಮಾತ್ರ ಉಳಿಯುತ್ತದೆ. ಅದರ ಮೇಲೆ ಡ್ರಮ್ಮಿನವನು ಹಿತ್ತಾಳೆ ತಟ್ಟೆಯ ಅಂಚನ್ನು ಮೂರು ಸಲ, ಬೆರಳಿನಿಂದಲೋ ಏನೋ, ಮೆಲ್ಲಗೆ ತಟ್ಟುತ್ತಾನೆ. ನಾಲ್ಕನೆಯದಕ್ಕೆ ಕಾಯುತ್ತಿರುವಾಗ ಗಿಟಾರುಗಳು ಒಮ್ಮೆಲೇ ಕುಸಿದು ಬೀಳುತ್ತವೆ. ಆ ಕುಸಿತಕ್ಕಿಂತ ಅದರ ಹಿಂದಿನ ಆ ಮೂರು ಪೆಟ್ಟಿಗಾಗಿ ನಾನು ಇಡೀ ಹಾಡು ಕೇಳುತ್ತಿದ್ದೆ.

ಔಷಧಿ ಹಾಕುವುದು ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ಹಾಲಿನಲ್ಲಿ. ಒರಗು ಕುರ್ಚಿಗಳ ಸಾಲು, ಪ್ರತಿ ಕುರ್ಚಿಗೆ ಒಂದು ಕಂಬ, ಕಂಬಕ್ಕೆ ಬಾಟಲಿ. ಮೂರು ವಾರಕ್ಕೊಮ್ಮೆ ಎರಡು ದಿನ, ಬೆಳಗ್ಗೆ ಎಂಟರಿಂದ ಸಂಜೆಯವರೆಗೆ. ಒಂದು ಔಷಧಿ ಕೆಂಪಗಿತ್ತು, ಇನ್ನೊಂದು ನೀರಿನ ಹಾಗೆ. ನಾನು ಕೆಂಪಿಗೆ ಹೆದರಿದ್ದೆ. ನೀರಿನಂಥದ್ದರ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಜೊತೆಗೆ ಬಂದವರಿಗೆ ಒಳಗೆ ಕೂರಲು ಜಾಗವಿಲ್ಲ. ಅವ್ವ ಹೊರಗಿನ ಬೆಂಚಿನಲ್ಲಿ ಗಾಜಿನ ಬಾಗಿಲಿನ ಕಡೆಗೇ ಮುಖ ಮಾಡಿ ಕೂರುತ್ತಿದ್ದಳು. ಯಾರಾದರೂ ಬಾಗಿಲು ತೆಗೆದಾಗಲೆಲ್ಲ ನನ್ನನ್ನು ನೋಡಿ ಕೈ ಎತ್ತುತ್ತಿದ್ದಳು.

ಮೊದಲ ಸುತ್ತಿನಲ್ಲಿ ನಾನು ಆಲ್ಬಮನ್ನು ಎರಡು ಸಲ ಕೇಳಿದೆ. ಅದೊಂದು ತಪ್ಪಾಯಿತು. ವಾಂತಿ ಶುರುವಾದದ್ದು ಮೊದಲ ಹಾಡು ನಡೆಯುತ್ತಿದ್ದಾಗ. ಅಂದಿನಿಂದ ಆ ಹಾಡು ಶುರುವಾದರೆ ಬಾಯಲ್ಲಿ ತಗಡಿನ ರುಚಿ ಬರುತ್ತದೆ. ಇವತ್ತಿಗೂ ನಾನು ಎರಡನೇ ಹಾಡಿನಿಂದಲೇ ಶುರು ಮಾಡುವುದು.

ಪಕ್ಕದ ಕುರ್ಚಿಯಲ್ಲಿ ಮಂಜುನಾಥ್ ಎಂಬವರು ಇರುತ್ತಿದ್ದರು. ಹಾಸನದವರು, ನಲವತ್ತರ ಆಸುಪಾಸು, ವಾಕಡದಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ. ಹೊಟ್ಟೆಯ ಕಾಯಿಲೆ ಎಂದಷ್ಟೇ ಹೇಳಿದ್ದರು. ನಾನು ಹೊರಗೆ ಕೂತ ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ, ಕನ್ನಡದವರಾ ಎಂದು ಕೇಳಿದ್ದರು. ನನ್ನ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ನಾನು ‘ಭಾಳ ತ್ರಾಸ ಆಗ್ಯಾದ’ ಎಂದರೆ ಅವರು ಅದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು ಆಮೇಲೆ ತಲೆಯಾಡಿಸುತ್ತಿದ್ದರು. ಅವರ ಹೆಂಡತಿ ಬೆಳಗ್ಗೆ ಬಿಟ್ಟು ಆಫೀಸಿಗೆ ಹೋಗಿ ಸಂಜೆ ಕರೆದುಕೊಂಡು ಹೋಗುತ್ತಿದ್ದರು. ನಡುವೆ ಅವರಿಗೆ ಮಾತಾಡಲು ನಾನು, ನನಗೆ ಅವರು. ನನ್ನ ಆಲ್ಬಮನ್ನು ಒಮ್ಮೆ ಎರಡು ನಿಮಿಷ ಕೇಳಿ, ಕಾಯಿಲೆಯೇ ಸಾಕಾಗಿದೆ, ಇದನ್ನ ಬೇರೆ ಯಾಕೆ ಕೇಳ್ತೀರಿ ಎಂದು ವಾಪಸು ಕೊಟ್ಟಿದ್ದರು.

ಎರಡನೇ ಸುತ್ತು ಮುಗಿದ ಮೇಲೆ ಕಿವಿಯಲ್ಲಿ ಒಂದು ಸಿಳ್ಳು ಶುರುವಾಯಿತು. ಕುಕ್ಕರ್ ದೂರದಲ್ಲಿ ಕೂಗಿದ ಹಾಗೆ, ಆದರೆ ನಿಲ್ಲುವುದೇ ಇಲ್ಲ. ನಿಶ್ಶಕ್ತಿಯಿಂದ ಇರಬೇಕು ಎಂದುಕೊಂಡು ಯಾರಿಗೂ ಹೇಳಲಿಲ್ಲ. ಕೂದಲು ಉದುರಿತ್ತು, ಬಾಯಿ ಹುಣ್ಣಾಗಿತ್ತು. ಆ ಸಾಲಿನಲ್ಲಿ ಇದೂ ಒಂದು.

ಮೂರನೇ ಸುತ್ತಿನ ಮೊದಲ ದಿನ ಬಾಟಲಿ ಏರಿಸಿದ ಮೇಲೆ ನಾನು ಮೂರನೇ ಹಾಡು ಹಾಕಿ ಕಣ್ಣು ಮುಚ್ಚಿದೆ. ಹನ್ನೊಂದು ನಿಮಿಷ ಬಂತು. ಎಲ್ಲ ನಿಂತಿತು. ತಂತಿಯ ಗುಂಗು ಇತ್ತು. ಆಮೇಲೆ ಗಿಟಾರುಗಳು ಕುಸಿದವು. ನಡುವೆ ಏನೂ ಇರಲಿಲ್ಲ. ನಿದ್ದೆ ಹತ್ತಿರಬೇಕೆಂದು ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಇಲ್ಲ. ದನಿ ಹೆಚ್ಚು ಮಾಡಿದೆ. ಇಯರ್‌ಫೋನನ್ನು ಎಡ ಬಲ ಬದಲಿಸಿದೆ. ಫೈಲೇ ಕೆಟ್ಟಿರಬಹುದು ಎಂದುಕೊಂಡೆ. ಎಂಟು ಹತ್ತು ಸಲ ಕೇಳಿದ ಮೇಲೆ ಪಕ್ಕಕ್ಕೆ ತಿರುಗಿ, ಒಂದು ಉಪಕಾರ ಮಾಡ್ರಿ, ಇದನ್ನು ಒಂದು ನಿಮಿಷ ಕೇಳಿ ಏನೇನು ಕೇಳಿಸುತ್ತದೆ ಹೇಳ್ರಿ ಎಂದೆ. ಮಂಜುನಾಥ್ ಆ ದಿನ ತುಂಬ ಸೊರಗಿದ್ದರು. ಆದರೂ ಕೈ ಚಾಚಿ ಇಯರ್‌ಫೋನ್ ತೆಗೆದುಕೊಂಡು ಹಾಕಿಕೊಂಡರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ಒಂದು ಗುಂಯ್ ಅನ್ನೋ ಸೌಂಡ್ ಇದೆ,” ಎಂದರು. ಸ್ವಲ್ಪ ತಡೆದು, “ಆಮೇಲೆ ಟಿಣ್, ಟಿಣ್, ಟಿಣ್. ಮೂರು ಸಲ. ಚೆನ್ನಾಗಿದೆ ಇದೊಂದು,” ಎಂದರು.

ನಾನು ಸರಿ ಎಂದು ಫೋನ್ ವಾಪಸು ತೆಗೆದುಕೊಂಡೆ. ನನ್ನ ಕೈಗೆ ಆ ನೀರಿನಂಥ ಔಷಧಿ ಹನಿ ಹನಿಯಾಗಿ ಇಳಿಯುತ್ತಿತ್ತು. ಸಿಸ್ಟರನ್ನು ಕರೆಯಲು ಬಾಯಿ ತೆರೆದು ಮುಚ್ಚಿದೆ. ಒಂದು ಹಾಡಿನಲ್ಲಿ ಮೂರು ಪೆಟ್ಟು ಕೇಳಿಸುತ್ತಿಲ್ಲ ಎಂದರೆ ಯಾರು ತಾನೇ ಬಾಟಲಿ ನಿಲ್ಲಿಸುತ್ತಾರೆ? ಸಂಜೆಯವರೆಗೆ ಸುಮ್ಮನೆ ಕೂತಿದ್ದೆ. ಈಗ ಯೋಚಿಸಿದರೆ ಆ ಏಳೆಂಟು ಗಂಟೆಗಾಗಿ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಇದನ್ನು ಓದುವವರಲ್ಲಿ ಯಾರಾದರೂ ಅಂಥ ಕುರ್ಚಿಯಲ್ಲಿ ಕೂತವರಿದ್ದರೆ, ಸಣ್ಣದೆನ್ನಿಸಿದರೂ ಹೇಳಿಬಿಡಿ.

ಮರುದಿನ ಹೇಳಿದೆ. ಡಾಕ್ಟರ್ ಬಾಯಿಯವರು ನಗಲಿಲ್ಲ. ಯಾವ ಸದ್ದು, ಯಾವಾಗಿನಿಂದ ಎಂದು ಬರೆದುಕೊಂಡು ಕಿವಿಯ ಪರೀಕ್ಷೆಗೆ ಕಳಿಸಿದರು. ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ. ತಲೆಗೆ ಹೆಡ್‌ಫೋನ್, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿಸಿದಾಗ ಒತ್ತಬೇಕು. ಮೊದಮೊದಲು ಒತ್ತಿದೆ. ಆಮೇಲೆ ಬಹಳ ಹೊತ್ತು ಒತ್ತಲು ಏನೂ ಬರಲಿಲ್ಲ. ಕಿಟಕಿಯಾಚೆ ಕೂತ ಹುಡುಗಿಯ ಕೈ ಮಶೀನಿನ ಮೇಲೆ ಆಡುತ್ತಲೇ ಇತ್ತು. ಅವಳು ಸದ್ದು ಕಳಿಸುತ್ತಿದ್ದಾಳೆ, ನನಗೆ ತಲುಪುತ್ತಿಲ್ಲ ಎಂದು ಕಣ್ಣಿಗೆ ಕಾಣುತ್ತಿತ್ತು. ಒಂದೆರಡು ಸಲ ಸುಳ್ಳೇ ಒತ್ತಿದೆ. ಅವಳು ತಲೆಯೆತ್ತಿ ನೋಡಿದಳು.

ಆ ನೀರಿನಂಥ ಔಷಧಿಯಿಂದ ತಾರಸ್ಥಾಯಿಯ ಸದ್ದು ಕೇಳಿಸುವುದು ಹೋಗಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಆಪರೇಶನ್ ಆದ ಮೇಲಿನ ಮೂರು ಸುತ್ತಿನಲ್ಲಿ ಇದೇ ಔಷಧಿ ಮುಂದುವರಿಸಿದರೆ ಇನ್ನೂ ಕೆಳಕ್ಕೆ, ಮಾತಿನ ದನಿಯವರೆಗೂ ಹೋಗಬಹುದು. ಬದಲಿಗೆ ಇನ್ನೊಂದು ಇದೆ, ಕಿವಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಆದರೆ ನಿನ್ನ ಕಾಯಿಲೆಗೆ ನಾನು ಇದನ್ನು ನಂಬಿದಷ್ಟು ಅದನ್ನು ನಂಬುವುದಿಲ್ಲ ಎಂದರು. ಕಿವಿಗೆ ಮಶೀನ್ ಸಿಗುತ್ತದೆ ಎಂದೂ ಹೇಳಿದರು. ಆಪರೇಶನ್ ಆಗಿ ಗಾಯ ಮಾಯುವವರೆಗೆ ಯೋಚಿಸಲು ಸಮಯ ಕೊಟ್ಟರು.

ಕಾಲು ಉಳಿಯಿತು. ಮೂಳೆ ತೆಗೆದು ಒಳಗೆ ಲೋಹದ ಸಲಾಕೆ, ಕೃತಕ ಕೀಲು ಕೂರಿಸಿದರು. ಖಡಕಿಯ ಮನೆಯಲ್ಲಿ ಹೊರಗಿನ ಕೋಣೆಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ ಆ ವಾರಗಳಲ್ಲಿ ನಾನು ಯಾರಿಗೂ ಒಳ್ಳೆಯವಳಾಗಿರಲಿಲ್ಲ. ಆ ಔಷಧಿ ನನಗೆ ಬೇಡ ಎಂದು ಮನಸ್ಸಿನಲ್ಲಿ ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಕಾಲು ಹೋಗಿದ್ದರೆ ಕೂತಾದರೂ ಕೆಲಸ ಮಾಡಬಹುದಿತ್ತು. ಕಿವಿ ಹೋದ ಮೇಲೆ ನಾನು ಏನು? ಹೀಗೆಂದು ಹೇಳಿದ ದಿನ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅವಳು ಅತ್ತಳು, ನಾನು ಕೂಗಾಡಿದೆ. ಹಾಡು ಕೇಳುವುದಕ್ಕಾಗಿ ಜೀವ ಕೊಡುತ್ತೀಯಾ ಎಂದಳು. ನಿನಗೆ ತಿಳಿಯುವುದಿಲ್ಲ ಎಂದೆ. ಅಪ್ಪ ಮೂಲೆಯಲ್ಲಿ ಕೂತು ನಮ್ಮಿಬ್ಬರ ಬಾಯಿ ನೋಡುತ್ತಿದ್ದ.

ಅಪ್ಪನ ಕಿವುಡು ನಮ್ಮ ಮನೆಯಲ್ಲಿ ಒಂದು ತಮಾಷೆಯಾಗಿತ್ತು. ಟಿವಿ ದನಿ ಜೋರು ಮಾಡುತ್ತಾನೆಂದು ಬೈಯುತ್ತಿದ್ದೆ. ಒಂದು ಕೇಳಿದರೆ ಇನ್ನೊಂದು ಹೇಳುತ್ತಾನೆಂದು ನಗುತ್ತಿದ್ದೆ. ಇಷ್ಟು ವರ್ಷದಲ್ಲಿ ಅವನಿಗೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವ್ವ ಮೆಸ್ಸಿಗೆ ರೊಟ್ಟಿ ಕೊಡಲು ಹೋದ ಮೇಲೆ ಅವನು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತ.

“ನನ್ನ ಕಿವಿ ಹ್ಯಾಂಗ ಹೋದ್ವು ಗೊತ್ತದೇನು ನಿನಗ?” ಎಂದ. “ಮೊದಲ ಸಣ್ಣ ದನಿ ಹೋದವು. ನೀ ಆಗ ಎರಡನೇತ್ತೆ ಇದ್ದಿ. ಸಾಲಿಂದ ಬಂದು ಅದೂ ಇದೂ ಹೇಳಾಕಿ. ನಿನ್ನ ಬಾಯಿ ಆಡ್ತಿತ್ತು, ನಂಗೇನೂ ಕೇಳಸ್ತಿರಲಿಲ್ಲ. ನಾ ಹ್ಞೂಂ ಹ್ಞೂಂ ಅಂತಿದ್ದೆ.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಜೋರಾಗಿ, ಅವನ ಕಡೆ ತಿರುಗಿ.

“ಹೇಳಿದ್ರ ನೀ ಹೇಳೂದು ಬಿಟ್ಟಬಿಡ್ತಿದ್ದಿ,” ಎಂದ. ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. “ಚಲೋ ಅಂತ ಹೇಳಂಗಿಲ್ಲ ನಾ. ಭಾಳ ಒಂಟಿ ಆಗ್ತದ. ಮಂದಿ ನಡುವ ಕುಂತ್ರೂ ಒಂಟಿನೇ. ಆದ್ರ ಅದೀನಿ. ನಿನ್ನ ನೋಡ್ಕೋತ ಅದೀನಿ. ಅಷ್ಟೇ ನಂಗ ಗೊತ್ತಿರೂದು.”

ಅವನು ನನ್ನನ್ನು ಒಪ್ಪಿಸಲು ಬಂದಿರಲಿಲ್ಲ. ಹೇಳಬೇಕಾದ್ದು ಹೇಳಿ ಸ್ಟೂಲನ್ನು ಮೂಲೆಗಿಟ್ಟು ಹೊರಗೆ ಹೋದ. ಎರಡನೇ ತರಗತಿಯಲ್ಲಿದ್ದಾಗ ಅವನಿಗೆ ನಾನು ಏನೇನು ಹೇಳಿದ್ದೆನೋ ನೆನಪು ಮಾಡಿಕೊಳ್ಳಲು ನೋಡಿದೆ. ಒಂದೂ ನೆನಪಾಗಲಿಲ್ಲ.

ನಾಲ್ಕನೇ ಸುತ್ತಿಗೆ ಹೋದಾಗ ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಮಂಜುನಾಥ್ ಅವರ ದಿನ ಬದಲಾಗಿರಬಹುದು ಎಂದುಕೊಂಡೆ. ಸಿಸ್ಟರನ್ನು ಕೇಳಿದಾಗ ಅವರು ನನ್ನ ಕೈಯ ಪಟ್ಟಿ ಸರಿ ಮಾಡುತ್ತ, ಅವರು ಈಗ ಬರುವುದಿಲ್ಲ ಎಂದರು. ಮಧ್ಯಾಹ್ನ ಅವರ ನಂಬರಿಗೆ ಹೇಗಿದ್ದೀರಿ ಎಂದು ಬರೆದೆ. ಉತ್ತರ ಬರೆದದ್ದು ಅವರ ಹೆಂಡತಿ. ಅವರು ಹೋಗಿ ಹನ್ನೆರಡು ದಿನವಾಯಿತು, ಹಾಸನಕ್ಕೆ ಕರೆದುಕೊಂಡು ಹೋಗಿದ್ದೆವು, ನಿಮ್ಮ ಹಾಡಿನ ವಿಷಯ ಮನೆಯಲ್ಲಿ ಹೇಳಿ ನಗುತ್ತಿದ್ದರು ಎಂದು ಬರೆದಿದ್ದರು. ಮಂಜುನಾಥ್ ಒಂದು ಸುತ್ತನ್ನೂ ತಪ್ಪಿಸಿರಲಿಲ್ಲ. ಡಾಕ್ಟರು ಹೇಳಿದ ಯಾವುದನ್ನೂ ಬೇಡ ಎಂದಿರಲಿಲ್ಲ. ಆದ್ದರಿಂದ ಅವರ ಸಾವಿನಿಂದ ನನಗೆ ಏನೋ ತಿಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ತಿಳಿಯಲಿಲ್ಲ. ಬರೀ ಹೆದರಿಕೆಯಾಯಿತು.

ಆ ನೀರಿನಂಥ ಔಷಧಿಯ ಬಾಟಲಿ ತರುವ ಮೊದಲು ಸಿಸ್ಟರ್ ಒಪ್ಪಿಗೆಯ ಕಾಗದ ತಂದರು. ಅದರಲ್ಲಿ ಕಿವಿಯ ವಿಷಯವನ್ನು ಕೈಬರಹದಲ್ಲಿ ಬೇರೆಯಾಗಿ ಬರೆದಿದ್ದರು. ಗಾಜಿನ ಬಾಗಿಲಾಚೆ ಆ ದಿನ ಅವ್ವನ ಜೊತೆ ಅಪ್ಪನೂ ಬಂದು ಕೂತಿದ್ದ. ನಾನು ಸಹಿ ಹಾಕಿದೆ. ಧೈರ್ಯದಿಂದ ಹಾಕಿದೆ ಎನ್ನಲಾರೆ. ಸಾಯುವುದು ಬೇಡ ಎಂದು ಹಾಕಿದೆ.

ಮುಂದಿನ ಎರಡು ತಿಂಗಳಲ್ಲಿ ಕೇಳಿಸುವುದು ಒಂದೊಂದಾಗಿ ಹೋಯಿತು. ಮೊದಲು ಹಕ್ಕಿಗಳು. ಆಮೇಲೆ ಫೋನಿನ ಗಂಟೆ. ಆಮೇಲೆ ಮಾತಿನೊಳಗಿನ ಸ, ಶ, ತ. ‘ಸಾಕು’ ಎಂದರೂ ‘ಆಕು’, ‘ಹಾಕು’ ಎಂದರೂ ‘ಆಕು’. ಅವ್ವ ಸಾಂಬಾರಿನ ಸೌಟು ಹಿಡಿದು ನಿಂತಿರುತ್ತಿದ್ದಳು, ನಾನು ಯಾವುದಕ್ಕೋ ತಲೆಯಾಡಿಸುತ್ತಿದ್ದೆ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಒಮ್ಮೆ ನನ್ನ ಹೆಸರನ್ನು ಮೂರು ಸಲ ಕೂಗಿದರಂತೆ. ನಾನು ಎದುರಿನ ಕುರ್ಚಿಯಲ್ಲೇ ಕೂತಿದ್ದೆ. ನನ್ನ ನಂತರದವರೆಲ್ಲ ಹೋಗಿ ಬಂದ ಮೇಲೆ ಎದ್ದು ಕೇಳಿದೆ. ಕೌಂಟರಿನವನು ಏನೋ ರೇಗಿದ. ಅದೂ ಕೇಳಿಸಲಿಲ್ಲ.

ಆರನೇ ಸುತ್ತು ಮುಗಿದು ಒಂದು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಗ್ಗೆ ನಾನು ಆಲ್ಬಮನ್ನು ಮತ್ತೆ ಹಾಕಿದೆ. ಅಲ್ಲಿಯವರೆಗೆ ಧೈರ್ಯ ಬಂದಿರಲಿಲ್ಲ. ಇಯರ್‌ಫೋನ್ ಬಿಟ್ಟು ಮನೆಯ ಸ್ಪೀಕರನ್ನು ಮಂಚದ ಹಲಗೆಯ ಮೇಲಿಟ್ಟೆ. ನೋಟ್‌ಬುಕ್ ತೊಡೆಯ ಮೇಲೆ ಇತ್ತು. ಎರಡನೇ ಹಾಡಿನಿಂದ ಶುರು ಮಾಡಿ, ಹಳೆಯ ಪುಟಗಳ ಪಕ್ಕದಲ್ಲಿ ಈಗ ಕೇಳಿಸುವುದಕ್ಕೆ ಗೆರೆ, ಕೇಳಿಸದ್ದಕ್ಕೆ ಸೊನ್ನೆ ಹಾಕುತ್ತ ಹೋದೆ. ಎರಡನೇ ಗಿಟಾರು ಎಲ್ಲೋ ಕಂಬಳಿಯ ಹಿಂದಿತ್ತು. ಹಾಡುವವನು ಉಸಿರು ತೆಗೆದುಕೊಳ್ಳುವುದು ಹೋಗಿತ್ತು. ಅವನು ಉಸಿರೇ ಇಲ್ಲದೆ ಗುಡುಗುತ್ತಿದ್ದ ಹಾಗಿತ್ತು. ದೊಡ್ಡ ಡ್ರಮ್ಮು ಇತ್ತು. ಅತ್ಯಂತ ಕೆಳಗಿನ ತಂತಿ ಇತ್ತು, ಅದು ಕಿವಿಗಿಂತ ಹೆಚ್ಚು ಹಲಗೆಯಿಂದ ಬೆನ್ನಿಗೆ, ಕಾಲಿನ ಸಲಾಕೆಗೆ ಬರುತ್ತಿತ್ತು. ಸೊನ್ನೆಗಳೇ ಹೆಚ್ಚಾದಾಗ ಬರೆಯುವುದನ್ನು ನಿಲ್ಲಿಸಿದೆ. ಅಳು ಬಂತು. ಚೆನ್ನಾಗಿಯೇ ಅತ್ತೆ.

ಅಪ್ಪ ಅಂಗಳದಿಂದ ಒಳಗೆ ಬಂದವನು ಬಾಗಿಲಲ್ಲಿ ನಿಂತ. ನನ್ನ ಮುಖ ನೋಡಿದ, ಸ್ಪೀಕರ್ ನೋಡಿದ. ಮಂಚದ ತುದಿಗೆ ಕೂತು ಹಲಗೆಯ ಮೇಲೆ ಅಂಗೈ ಇಟ್ಟ.

“ಇದು ಕೇಳಸ್ತದಲ್ಲ ನಂಗ,” ಎಂದ, ತುಸು ಆಶ್ಚರ್ಯದಿಂದ. ಆಮೇಲೆ, ಭಾಳ ಸಾವಕಾಶ ಅದ, ಈ ಹಾಡಾವರಿಗೆ ಏನು ಬ್ಯಾನಿ ಆಗಿತ್ತಂತ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಹಾಡು ಮುಗಿಯುವವರೆಗೆ ಅವನು ಏಳಲಿಲ್ಲ. ಅವನಿಗೆ ಅದು ಇಷ್ಟವಾಯಿತೆಂದು ನಾನು ಅಂದುಕೊಂಡಿಲ್ಲ.

ಈಗ ಎರಡು ವರ್ಷ ಕಳೆದಿದೆ. ಎರಡೂ ಕಿವಿಗೆ ಮಶೀನ್ ಇದೆ. ಅದು ಮಾತನ್ನು ಹತ್ತಿರ ತರುತ್ತದೆ, ಜೊತೆಗೆ ಪಾತ್ರೆಯ ಸದ್ದನ್ನೂ ಚಾಕುವಿನ ಹಾಗೆ ತರುತ್ತದೆ. ಕಂಪನಿ ನನ್ನನ್ನು ಬರಹದ ದೂರುಗಳ ವಿಭಾಗಕ್ಕೆ ಹಾಕಿದೆ; ಅಲ್ಲಿ ಸಿಟ್ಟೆಲ್ಲ ಅಕ್ಷರದಲ್ಲಿ ಬರುತ್ತದೆ. ಕಾಯಿಲೆ ಶ್ವಾಸಕೋಶಕ್ಕೆ ಹರಡಿದೆಯೇ ಎಂದು ನೋಡಲು ಆರು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನ್. ಇಲ್ಲಿಯವರೆಗೆ ಏನೂ ಕಂಡಿಲ್ಲ. ವರದಿ ಬರುವುದಕ್ಕೆ ಮೊದಲಿನ ಎರಡು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣುವುದಿಲ್ಲ. ಅದು ಇನ್ನು ಯಾವಾಗಲೂ ಹೀಗೇ ಇರುತ್ತದೆ ಎಂದು ಒಪ್ಪಿಕೊಂಡಿದ್ದೇವೆ.

ಬಹಳ ಕಾಲ ನಾನೂ ಹ್ಞೂಂ ಹ್ಞೂಂ ಎಂದು ತಲೆಯಾಡಿಸಿಕೊಂಡೇ ಇದ್ದೆ. ಕಳೆದ ಸಲ ಸ್ಕ್ಯಾನಿಗೆ ಹೋದಾಗ ಕಾಯುವ ಕೋಣೆಯಲ್ಲಿ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕೂತರು. ಜೊತೆಗೆ ಹದಿನಾರು ಹದಿನೇಳರ ಮಗಳು, ಮೊಣಕಾಲಿಗೆ ಪಟ್ಟಿ. ಹೆಂಗಸು ನನ್ನ ಕಾಲಿನ ಗಾಯದ ಗುರುತು ನೋಡಿ ಮಾಸ್ಕಿನೊಳಗಿಂದ ಏನೋ ಕೇಳಿದರು. ಯಾವ ಭಾಷೆ ಎಂದೂ ತಿಳಿಯಲಿಲ್ಲ. ಅಭ್ಯಾಸದಂತೆ ತಲೆಯಾಡಿಸಲು ಹೋದವಳು ತಡೆದೆ. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವರು ಏನು ಕೇಳಿದ್ದರೋ, ನಾನು ತಲೆಯಾಡಿಸಿದ್ದರೆ ಅದನ್ನೇ ಅವಳು ಉತ್ತರವೆಂದು ಮನೆಗೆ ಒಯ್ಯುತ್ತಿದ್ದಳು.

ನನಗೆ ಕಿವಿ ಕೇಳಿಸುವುದಿಲ್ಲ, ಮಾಸ್ಕ್ ಕೆಳಗೆ ಮಾಡಿ ನನ್ನ ಕಡೆ ನೋಡಿ ಹೇಳಿ ಎಂದು ಮರಾಠಿಯಲ್ಲಿ ಹೇಳಿದೆ. ಹಾಗೆ ಹೊರಗಿನವರ ಎದುರು ಹೇಳಿದ್ದು ಅದೇ ಮೊದಲು. ನನ್ನ ದನಿ ಜೋರಾಗಿತ್ತೋ ಏನೋ, ಸುತ್ತಲಿನವರು ತಿರುಗಿದರು. ಹೆಂಗಸು ಮಾಸ್ಕ್ ಇಳಿಸಿ, ತುಟಿ ಬಿಡಿಸಿ ಬಿಡಿಸಿ, ನೋವು ಎಷ್ಟು ದಿನ ಇರುತ್ತದೆ ಎಂದು ಕೇಳಿದರು. ನಾನು ಹುಡುಗಿಯ ಕಡೆ ತಿರುಗಿ, ಇದ್ದದ್ದನ್ನು ಇದ್ದ ಹಾಗೆ ಮೊದಲಿನಿಂದ ಹೇಳತೊಡಗಿದೆ. ಅವಳು ಇನ್ನಷ್ಟು ಹತ್ತಿರ ಸರಿದು ಕೂತಳು.